ಪಟ್ಟಿಯಲ್ಲಿ ಉಂಟೇ, ಇಲ್ಲವೇ?

ಮತದಾನದ ದಿನ ಮತಗಟ್ಟೆಯೊಳಗೆ ಕಾಲಿಟ್ಟವರಿಗೆ ಮೊದಲು ಎದುರಾಗುವವರು ಮತದಾರರ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತಿರುವ ಅಧಿಕಾರಿ. ಬಂದವರ ಹೆಸರು ಆ ಪಟ್ಟಿಯಲ್ಲಿ ಉಂಟೇ ಇಲ್ಲವೇ ಎಂಬುದಷ್ಟೇ ಅವರ ಪ್ರಶ್ನೆ. ಬಂದವರ ಕೈಯಲ್ಲಿ ಕ್ರಮಸಂಖ್ಯೆಯ ಚೀಟಿ ಇದ್ದರೆ ಅಧಿಕಾರಿ ನೇರವಾಗಿ ಆ ಸಂಖ್ಯೆಯಿರುವ ಪುಟಕ್ಕೇ ಹೋಗುತ್ತಾರೆ. ಚೀಟಿ ಇಲ್ಲದಿದ್ದರೆ ಹಾಳೆಗಳನ್ನು ಒಂದೊಂದಾಗಿ ಮಗುಚಬೇಕಾಗುತ್ತದೆ. ಹೊರಗೆ ನಿಂತವರ ಸಾಲು ಬೆಳೆಯುತ್ತದೆ. ಹೆಸರು ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದೂ ಅಲ್ಲ. ಪಟ್ಟಿಯಲ್ಲಿ 'ರಾಮಣ್ಣ' ಎಂದು ಅಚ್ಚಾಗಿರುತ್ತದೆ, ಎದುರಿಗೆ ನಿಂತವರು 'ರಾಮಯ್ಯ' ಎನ್ನುತ್ತಾರೆ. ಇವರಿಬ್ಬರೂ ಒಬ್ಬರೇ ಎಂದು ಒಪ್ಪಬಹುದೇ? ಒಪ್ಪಿದರೆ ಬೇರೊಬ್ಬರ ಮತವನ್ನು ಇವರಿಗೆ ಕೊಟ್ಟಂತಾದೀತು. ಒಪ್ಪದಿದ್ದರೆ ನಿಜವಾದ ಮತದಾರರನ್ನೇ ಹಿಂದಕ್ಕೆ ಕಳುಹಿಸಿದಂತಾದೀತು.

ಗಣಕಯಂತ್ರಗಳ ಲೋಕದಲ್ಲಿ ಇದೇ ಪ್ರಶ್ನೆ ಕ್ಷಣಕ್ಷಣವೂ ಎದ್ದು ಬರುತ್ತದೆ. ನೀವು ಫೋನಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಒಂದು ಜಾಲಪುಟವನ್ನು ತೆರೆದಾಗ ನಿಮ್ಮ ಕೋರಿಕೆಯು ತಂತಿಗಳನ್ನೂ ಗಾಜಿನ ಎಳೆಗಳನ್ನೂ ಹಾದು ದೂರದ ಮತ್ತೊಂದು ಯಂತ್ರವನ್ನು ಮುಟ್ಟುತ್ತದೆ. ಕೇಳಿದವರಿಗೆ ಕೇಳಿದುದನ್ನು ಒದಗಿಸುವ ಈ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಕೊಡುವ ಮೊದಲು ಅದು ಅನೇಕ ಸಂಗತಿಗಳನ್ನು ಪರಿಶೀಲಿಸಬೇಕು. ಅರ್ಜಿಯಲ್ಲಿ ತುಂಬಿದ ಜಿಲ್ಲೆಯ ಹೆಸರು ನಿಜವಾದ ಜಿಲ್ಲೆಗಳಲ್ಲಿ ಒಂದೇ? ಕಳುಹಿಸಿದ ಕಡತವು ಅನುಮತಿಯುಳ್ಳ ಬಗೆಗಳಲ್ಲಿ ಸೇರಿದೆಯೇ? ಕೋರಿದ ವ್ಯಕ್ತಿಯ ಸಂಖ್ಯೆ, ಒಳಗೆ ಬಿಡಬಹುದಾದವರ ಸಂಖ್ಯೆಗಳಲ್ಲಿ ಇದೆಯೇ? ಹೀಗೆ ಒಂದರ ಪಕ್ಕದಲ್ಲಿ ಒಂದರಂತೆ ಜೋಡಿಸಿಟ್ಟ ಮೌಲ್ಯಗಳ ಗುಂಪನ್ನು ಇಂಗ್ಲಿಷಿನಲ್ಲಿ ಅರೇ ಎನ್ನುತ್ತಾರೆ. ನಾವು ಸರಣಿ ಎನ್ನೋಣ. ಕೊಟ್ಟ ಮೌಲ್ಯವು ಸರಣಿಯಲ್ಲಿ ಇದೆಯೇ ಎಂದು ಕೇಳಲು ಪ್ರೋಗ್ರಾಮು ಬರೆಯುವವನಿಗೆ ಒಂದೇ ಸಾಲು ಸಾಕು. ಆದರೆ ಮತಗಟ್ಟೆಯ ಅಧಿಕಾರಿಗೆ ಎದುರಾದ ಎರಡು ಪ್ರಶ್ನೆಗಳೂ, ಎಂದರೆ ಹುಡುಕುವುದು ಹೇಗೆ, 'ಅದೇ ಇದು' ಎನ್ನುವುದು ಯಾವಾಗ ಎಂಬೆರಡೂ, ಆ ಒಂದು ಸಾಲಿನೊಳಗೆ ಅಡಗಿ ಕುಳಿತಿರುತ್ತವೆ. ಮೊದಲನೆಯದನ್ನು ಕುರಿತು ಪಠ್ಯಪುಸ್ತಕಗಳು ಧಾರಾಳವಾಗಿ ಬರೆಯುತ್ತವೆ. ಹೆಚ್ಚು ಮೋಸ ಮಾಡುವುದು ಎರಡನೆಯದೆಂದು ನನ್ನ ಅಭಿಪ್ರಾಯ.

ಹುಡುಕುವ ಬಗೆ

ಯಾವ ಕ್ರಮವೂ ಇಲ್ಲದ ಸರಣಿಯಲ್ಲಿ ಹುಡುಕಲು ಇರುವುದು ಒಂದೇ ದಾರಿ: ಮೊದಲಿನಿಂದ ಆರಂಭಿಸಿ ಒಂದೊಂದನ್ನೇ ಹೋಲಿಸಿ ನೋಡುವುದು. ಸರಣಿಯಲ್ಲಿ ಹತ್ತು ಲಕ್ಷ ಮೌಲ್ಯಗಳಿವೆಯೆಂದು ಇಟ್ಟುಕೊಳ್ಳೋಣ. ಬೇಕಾದದ್ದು ಅದರಲ್ಲಿ ಇದ್ದರೆ, ಸರಾಸರಿ ಐದು ಲಕ್ಷ ಹೋಲಿಕೆಗಳಲ್ಲಿ ಸಿಕ್ಕೀತು. ಇಲ್ಲದಿದ್ದರೆ? ಹತ್ತು ಲಕ್ಷವನ್ನೂ ನೋಡದೆ 'ಇಲ್ಲ' ಎಂದು ಹೇಳುವಂತಿಲ್ಲ. 'ಉಂಟು' ಎನ್ನುವುದಕ್ಕಿಂತ 'ಇಲ್ಲ' ಎನ್ನುವುದೇ ಇಲ್ಲಿ ದುಬಾರಿಯಾದ ಉತ್ತರ.

ಒಂದೇ ಒಂದು ಬಾರಿ ಹುಡುಕುವುದಾದರೆ ಇದರಿಂದ ಬಾಧಕವಿಲ್ಲ. ಈ ಕಾಲದ ಯಂತ್ರಕ್ಕೆ ಒಂದು ಹೋಲಿಕೆಗೆ ಹತ್ತು ನ್ಯಾನೋಸೆಕೆಂಡು, ಎಂದರೆ ಸೆಕೆಂಡಿನ ಹತ್ತು ಕೋಟಿಯ ಒಂದು ಪಾಲು, ಹಿಡಿಯುವುದೆಂದು ಭಾವಿಸಿದರೆ ಹತ್ತು ಲಕ್ಷ ಹೋಲಿಕೆಗಳು ಸೆಕೆಂಡಿನ ನೂರರಲ್ಲಿ ಒಂದು ಪಾಲಿನಲ್ಲಿ ಮುಗಿದು ಹೋಗುತ್ತವೆ. ತೊಡಕು ಬರುವುದು ಒಂದು ಪಟ್ಟಿಯನ್ನು ಮತ್ತೊಂದು ಪಟ್ಟಿಗೆ ತಾಳೆ ನೋಡುವಾಗ. ಒಂದು ಲಕ್ಷ ಹೊಸ ನೋಂದಣಿ ಸಂಖ್ಯೆಗಳು ಬಂದಿವೆ. ಪ್ರತಿಯೊಂದೂ ಒಂದು ಲಕ್ಷ ಹಳೆಯ ಸಂಖ್ಯೆಗಳಲ್ಲಿ ಇದೆಯೇ ಎಂದು ನೋಡಬೇಕು. ಒಂದೂ ಇಲ್ಲವೆಂದಾದರೆ ಹೋಲಿಕೆಗಳ ಸಂಖ್ಯೆ ಒಂದು ಲಕ್ಷವನ್ನು ಒಂದು ಲಕ್ಷದಿಂದ ಗುಣಿಸಿದಷ್ಟು, ಎಂದರೆ ಸಾವಿರ ಕೋಟಿ. ಮೇಲಿನ ಲೆಕ್ಕದಂತೆ ಇದಕ್ಕೆ ನೂರು ಸೆಕೆಂಡು ಬೇಕು. ಜಾಲತಾಣಗಳ ನಿರ್ಮಾಣಕ್ಕೆ ವ್ಯಾಪಕವಾಗಿ ಬಳಕೆಯಲ್ಲಿರುವ ಪಿಎಚ್‌ಪಿ ಎಂಬ ಭಾಷೆಯಲ್ಲಿ, ಬೇರೆ ಅಪ್ಪಣೆ ಇಲ್ಲದಿದ್ದರೆ, ಒಂದು ಕೋರಿಕೆಗೆ ನಿಗದಿಯಾದ ಕಾಲ 30 ಸೆಕೆಂಡುಗಳು. ಆ ಗಡುವು ಮೀರಿದೊಡನೆ ಕೆಲಸ ಅರ್ಧಕ್ಕೇ ನಿಂತುಹೋಗುತ್ತದೆ. ನೂರು ಹೆಸರುಗಳ ಪಟ್ಟಿಯಿಂದ ಪರೀಕ್ಷಿಸಿ 'ಚೆನ್ನಾಗಿ ನಡೆಯುತ್ತಿದೆ' ಎಂದು ನಿಶ್ಚಿಂತನಾಗಿದ್ದ ಪ್ರೋಗ್ರಾಮುಕಾರನು ಪಟ್ಟಿ ದೊಡ್ಡದಾದ ದಿನ ಬೆಚ್ಚಿ ಬೀಳುವುದು ಹೀಗೆ.

ಪಟ್ಟಿಯನ್ನು ಮೊದಲೇ ಕ್ರಮವಾಗಿ ಜೋಡಿಸಿಟ್ಟುಕೊಂಡರೆ ಕೆಲಸ ಬಹಳ ಹಗುರವಾಗುತ್ತದೆ. ನಿಘಂಟಿನಲ್ಲಿ ಪದವನ್ನು ಹುಡುಕುವಾಗ ನಾವು ನಡುವಿನ ಪುಟವನ್ನು ತೆರೆದು, ಬೇಕಾದ ಪದ ಅದಕ್ಕೆ ಹಿಂದೋ ಮುಂದೋ ಎಂದು ನೋಡಿ, ಉಳಿದರ್ಧವನ್ನು ಕೈಬಿಡುತ್ತೇವಷ್ಟೆ. ಒಂದೊಂದು ಹೋಲಿಕೆಗೂ ಪಟ್ಟಿ ಅರ್ಧವಾಗುತ್ತ ಹೋಗುವುದರಿಂದ ಹತ್ತು ಲಕ್ಷದಲ್ಲಿ ಹುಡುಕಲು 20 ಹೋಲಿಕೆಗಳು ಸಾಕು. 1946ರಲ್ಲಿಯೇ ಅಮೆರಿಕದ ಮೂರ್ ಸ್ಕೂಲಿನ ಉಪನ್ಯಾಸಗಳಲ್ಲಿ ಜಾನ್ ಮಾಕ್ಲಿ ಈ ಕ್ರಮವನ್ನು ಪ್ರಸ್ತಾಪಿಸಿದ್ದರು.

ಇದಕ್ಕಿಂತಲೂ ಚತುರವಾದ ಉಪಾಯ ಇನ್ನೊಂದು ಉಂಟು. 1953ರ ಜನವರಿಯಲ್ಲಿ ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ ತಮ್ಮ ಸಂಸ್ಥೆಯೊಳಗಿನ ಟಿಪ್ಪಣಿಯೊಂದರಲ್ಲಿ ಇದನ್ನು ಬರೆದಿಟ್ಟರು. (ಬ್ಯಾಂಕ್ ಕಾರ್ಡಿನ ಸಂಖ್ಯೆಯಲ್ಲಿ ಬರೆಯುವ ತಪ್ಪನ್ನು ಕೊನೆಯ ಅಂಕಿಯಿಂದ ಪತ್ತೆ ಹಚ್ಚುವ ಸೂತ್ರವೂ ಇವರದೇ.) ಹುಡುಕಬೇಕಾದ ಪದದಿಂದಲೇ ಅದರ ಸ್ಥಾನವನ್ನು ಲೆಕ್ಕ ಹಾಕಿ ತಿಳಿಯುವುದಾದರೆ ಹುಡುಕುವ ಪ್ರಮೇಯವೇ ಇಲ್ಲವಲ್ಲ! ಮತದಾರರ ಕೈಯಲ್ಲಿನ ಚೀಟಿಯನ್ನು ಅವರ ಹೆಸರಿನಿಂದಲೇ ತಯಾರಿಸಿದಂತೆ ಇದು. ಪದದ ಅಕ್ಷರಗಳನ್ನು ಅಂಕಿಗಳೆಂದು ಭಾವಿಸಿ, ಗುಣಿಸಿ ಕೂಡಿಸಿ ಒಂದು ಸಂಖ್ಯೆಯನ್ನು ಪಡೆಯುವುದು. ಆ ಸಂಖ್ಯೆ ತೋರಿಸಿದ ಗೂಡಿನಲ್ಲಿ ಪದವನ್ನು ಇಡುವುದು. ಮುಂದೆ ಕೇಳಿದಾಗ ಅದೇ ಲೆಕ್ಕವನ್ನು ಮತ್ತೆ ಮಾಡಿ ಅದೇ ಗೂಡಿಗೆ ಕೈ ಹಾಕುವುದು. ಪಟ್ಟಿಯಲ್ಲಿ ಸಾವಿರವಿರಲಿ ಕೋಟಿಯಿರಲಿ, ಸಾಮಾನ್ಯವಾಗಿ ಒಂದೆರಡು ಹೋಲಿಕೆಗಳಲ್ಲಿ ಉತ್ತರ ದೊರೆಯುತ್ತದೆ. ಈ ಕ್ರಮಕ್ಕೆ ಹ್ಯಾಷಿಂಗ್ ಎಂದು ಹೆಸರಾಗಿದೆ.

ಪಿಎಚ್‌ಪಿಯ ಸರಣಿಯಲ್ಲಿ ಒಂದು ಸ್ವಾರಸ್ಯವಿದೆ. ಅದರಲ್ಲಿ ಪ್ರತಿಯೊಂದು ಮೌಲ್ಯಕ್ಕೂ 'ಕೀ' ಎಂಬ ಒಂದು ಗುರುತು ಅಂಟಿಕೊಂಡಿರುತ್ತದೆ. ಗುರುತಿನಿಂದ ಮೌಲ್ಯವನ್ನು ತಲುಪಲು ಹ್ಯಾಷಿಂಗಿನಂತಹ ನೇರವಾದ ಮಾರ್ಗವಿದೆ. ಮೌಲ್ಯದಿಂದ ಗುರುತಿಗೆ ಹೋಗಲು ಯಾವ ಮಾರ್ಗವೂ ಇಲ್ಲ. 'ಇನ್-ಅರೇ' ಎಂಬ ಪ್ರಸಿದ್ಧವಾದ ಆಜ್ಞೆಯು ಮೌಲ್ಯಗಳಲ್ಲಿ ಹುಡುಕುವುದರಿಂದ, ಇಷ್ಟೆಲ್ಲ ಜಾಣ್ಮೆಯ ಏರ್ಪಾಡು ಕೈಯಲ್ಲಿದ್ದರೂ ಅದು ಒಂದೊಂದನ್ನೇ ಮುಟ್ಟಿ ನೋಡುತ್ತ ಹೋಗುತ್ತದೆ. ಆದುದರಿಂದ ಅನುಭವಿಗಳು ಸರಣಿಯನ್ನು ತಿರುವಿಹಾಕಿ, ಮೌಲ್ಯಗಳನ್ನು ಗುರುತುಗಳ ಜಾಗಕ್ಕೆ ತಂದು, ಆಮೇಲೆ 'ಈ ಗುರುತು ಉಂಟೇ?' ಎಂದು ಕೇಳುತ್ತಾರೆ. ತಿರುವಿಹಾಕುವುದಕ್ಕೂ ಇಡೀ ಸರಣಿಯ ಮೇಲೆ ಒಂದು ಬಾರಿ ಕೈಯಾಡಿಸಲೇಬೇಕೆಂಬುದನ್ನು ಮರೆಯಬಾರದು. ಸಾಧಾರಣವಾದ ಬಳಕೆಯಲ್ಲಿ ಪಿಎಚ್‌ಪಿಯು ಪ್ರತಿಯೊಂದು ಕೋರಿಕೆಗೂ ತನ್ನ ಸರಣಿಗಳನ್ನು ಹೊಸದಾಗಿ ಕಟ್ಟಿಕೊಂಡು, ಉತ್ತರ ಕೊಟ್ಟೊಡನೆ ಎಲ್ಲವನ್ನೂ ಅಳಿಸಿಬಿಡುತ್ತದೆ. ಹೀಗಿರಲು ಒಂದೇ ಒಂದು ಪ್ರಶ್ನೆಗಾಗಿ ಸರಣಿಯನ್ನು ತಿರುವಿಹಾಕುವುದು ವ್ಯರ್ಥ. ಹತ್ತು ಹನ್ನೆರಡು ಹೆಸರುಗಳ ಪಟ್ಟಿಗೆ ಇದೆಲ್ಲ ಆಡಂಬರವೇ ಸರಿ. ಲಕ್ಷಕ್ಕೆ ಲಕ್ಷವನ್ನು ತಾಳೆ ನೋಡುವ ಮೇಲಿನ ಉದಾಹರಣೆಯಲ್ಲಾದರೋ ಸಾವಿರ ಕೋಟಿ ಹೋಲಿಕೆಗಳ ಕೆಲಸವು ಕೆಲವು ಲಕ್ಷಗಳಿಗೆ ಇಳಿಯುತ್ತದೆ.

ಒಂದೇ ಗೂಡಿಗೆ ಇಬ್ಬರು

ಎರಡು ಬೇರೆ ಬೇರೆ ಪದಗಳಿಗೆ ಒಂದೇ ಸಂಖ್ಯೆ ಬಂದರೆ ಏನು ಗತಿ? ಅಂತಹ ಪದಗಳನ್ನು ಒಂದೇ ಗೂಡಿನಲ್ಲಿ ಒಂದರ ಹಿಂದೆ ಒಂದರಂತೆ ಪೋಣಿಸಿಟ್ಟು, ಆ ಗೂಡಿನಲ್ಲಿ ಮಾತ್ರ ಒಂದೊಂದನ್ನೇ ಹೋಲಿಸಿ ನೋಡುತ್ತಾರೆ. ಇಂತಹ ಡಿಕ್ಕಿಗಳು ಆಕಸ್ಮಿಕವಾಗಿ ಆಗುವಷ್ಟೇ ಆದರೆ ಭಯವಿಲ್ಲ. ಯಾರಾದರೂ ಬೇಕೆಂದೇ ಮಾಡಿದರೆ?

ಪಿಎಚ್‌ಪಿಯ ಲೆಕ್ಕ ಬಹು ಸರಳವಾದದ್ದು. ಅಲ್ಲಿಯವರೆಗೆ ಬಂದ ಮೊತ್ತವನ್ನು 33ರಿಂದ ಗುಣಿಸಿ ಮುಂದಿನ ಅಕ್ಷರದ ಸಂಕೇತಸಂಖ್ಯೆಯನ್ನು ಕೂಡಿಸುತ್ತ ಹೋಗುವುದು. (ಆರಂಭದ ಮೊತ್ತ 5381, ಅದು ಎಲ್ಲ ಪದಗಳಿಗೂ ಸಮಾನವಾದುದರಿಂದ, ಒಂದೇ ಉದ್ದದ ಪದಗಳನ್ನು ಹೋಲಿಸುವಾಗ ಅದನ್ನು ಬಿಟ್ಟುಬಿಡಬಹುದು.) ಕಾಗದ ತೆಗೆದುಕೊಂಡು ನೀವೇ ಮಾಡಿ ನೋಡಿ. ಇಂಗ್ಲಿಷಿನ ದೊಡ್ಡಕ್ಷರದ ಇ, ಅದರ ಮುಂದೆ ಚಿಕ್ಕಕ್ಷರದ ಜೆಡ್: ಇವುಗಳ ಸಂಕೇತಸಂಖ್ಯೆಗಳು 69 ಮತ್ತು 122. 69ನ್ನು 33ರಿಂದ ಗುಣಿಸಿದರೆ 2277. 122ನ್ನು ಕೂಡಿಸಿದರೆ 2399. ಈಗ ದೊಡ್ಡಕ್ಷರದ ಎಫ್, ಅದರ ಮುಂದೆ ದೊಡ್ಡಕ್ಷರದ ವೈ: ಸಂಖ್ಯೆಗಳು 70 ಮತ್ತು 89. 70ನ್ನು 33ರಿಂದ ಗುಣಿಸಿದರೆ 2310. 89ನ್ನು ಕೂಡಿಸಿದರೆ ಮತ್ತೆ 2399! ಈ ಎರಡು ಜೋಡಿಗಳನ್ನು ಇಟ್ಟಿಗೆಗಳಂತೆ ಬಳಸಿ ಉದ್ದವಾದ ಪದಗಳನ್ನು ಕಟ್ಟಬಹುದು. ಒಂದೊಂದು ಸ್ಥಾನದಲ್ಲಿಯೂ ಎರಡರಲ್ಲಿ ಯಾವ ಇಟ್ಟಿಗೆಯನ್ನಿಟ್ಟರೂ ಕೊನೆಯ ಮೊತ್ತ ಬದಲಾಗುವುದಿಲ್ಲ. 16 ಇಟ್ಟಿಗೆಗಳ, ಎಂದರೆ 32 ಅಕ್ಷರಗಳ, ಇಂತಹ ಪದಗಳು 65,536 ದೊರೆಯುತ್ತವೆ. ಅಷ್ಟೂ ಒಂದೇ ಗೂಡಿಗೆ ಹೋಗಿ ಬೀಳುತ್ತವೆ. ಹೊಸದಾಗಿ ಬಂದ ಪ್ರತಿಯೊಂದು ಪದವನ್ನೂ ಈಗಾಗಲೇ ಅಲ್ಲಿರುವ ಪದಗಳೊಡನೆ ಹೋಲಿಸಬೇಕಾಗುವುದರಿಂದ ಒಟ್ಟು ಹೋಲಿಕೆಗಳು ಸುಮಾರು 214 ಕೋಟಿ. ಇದಕ್ಕೆಲ್ಲ ಎದುರಾಳಿಯು ಕಳುಹಿಸಬೇಕಾದದ್ದು ಇಪ್ಪತ್ತೊಂದು ಲಕ್ಷ ಅಕ್ಷರಗಳಷ್ಟೆ, ಒಂದು ಸಾಧಾರಣ ಛಾಯಾಚಿತ್ರದ ಕಡತದಷ್ಟು.

ಇಂತಹ ಅಪಾಯವಿದೆಯೆಂದು ರೈಸ್ ವಿಶ್ವವಿದ್ಯಾನಿಲಯದ ಸ್ಕಾಟ್ ಕ್ರಾಸ್ಬಿ ಮತ್ತು ಡ್ಯಾನ್ ವಾಲಾಕ್ 2003ರಲ್ಲಿಯೇ ಪ್ರಬಂಧವೊಂದರಲ್ಲಿ ತೋರಿಸಿದ್ದರು. ಅನೇಕರು ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ. 2011ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಅಲೆಕ್ಸಾಂಡರ್ ಕ್ಲಿಂಕ್ ಮತ್ತು ಜೂಲಿಯನ್ ವೆಲ್ಡೆ ಎಂಬಿಬ್ಬರು ಪಿಎಚ್‌ಪಿ, ಜಾವಾ, ಪೈಥಾನ್ ಮುಂತಾದ ಹಲವು ಭಾಷೆಗಳಲ್ಲಿ ಬರೆದ ಸರ್ವರುಗಳನ್ನು ಈ ಉಪಾಯದಿಂದ ಉಸಿರುಗಟ್ಟಿಸಬಹುದೆಂದು ತೋರಿಸಿದಾಗಲೇ ಎಲ್ಲರೂ ಎಚ್ಚೆತ್ತರು. ಪಿಎಚ್‌ಪಿಯು ಆಗ ತನ್ನ ಲೆಕ್ಕದ ಕ್ರಮವನ್ನು ಬದಲಿಸಲಿಲ್ಲ. 2012ರ ಜನವರಿಯಲ್ಲಿ ಹೊರಬಂದ 5.3.9ನೆಯ ಆವೃತ್ತಿಯಲ್ಲಿ, ಒಂದು ಕೋರಿಕೆಯೊಡನೆ ಬರುವ ಅಂಶಗಳು ಸಾವಿರವನ್ನು ಮೀರಬಾರದೆಂದು ಮಿತಿ ಹಾಕಿ ಬಾಗಿಲಿನಲ್ಲಿಯೇ ತಡೆಯಿತು. ಪೈಥಾನ್ ಮೊದಲಾದವು ಲೆಕ್ಕದೊಳಕ್ಕೇ ಗುಟ್ಟಿನ ಸಂಖ್ಯೆಯೊಂದನ್ನು ಬೆರೆಸಿ, ಡಿಕ್ಕಿಯನ್ನು ಮುಂಚಿತವಾಗಿ ಊಹಿಸಲಾರದಂತೆ ಮಾಡಿದುವು.

ಸಮ ಎಂದರೇನು?

ಇನ್ನು ಎರಡನೆಯ ಪ್ರಶ್ನೆ. ಸರಣಿಯಲ್ಲಿ ಐದು ಎಂಬ ಸಂಖ್ಯೆ ಇದೆ. ಅರ್ಜಿಯಲ್ಲಿ ಯಾರೋ ಐದು ಎಂದು ತುಂಬಿದ್ದಾರೆ. ಸರಣಿಯಲ್ಲಿ ಅದು ಉಂಟೇ? ಉಂಟೆಂದು ನಾವು ತಟ್ಟನೆ ಹೇಳುತ್ತೇವೆ. ಯಂತ್ರಕ್ಕೆ ಅಷ್ಟು ಸಲೀಸಲ್ಲ. ಏಕೆಂದರೆ ಜಾಲಪುಟದ ಅರ್ಜಿಯಲ್ಲಿ ಏನನ್ನು ತುಂಬಿದರೂ ಅದು ಸರ್ವರನ್ನು ತಲುಪುವುದು ಬರಹದ ರೂಪದಲ್ಲಿ. ಅಕ್ಷರಗಳ ಸಾಲಾಗಿ ಬಂದ ಇಂತಹ ಬರಹವನ್ನು ಸ್ಟ್ರಿಂಗ್ ಎನ್ನುತ್ತಾರೆ. ಬಂದದ್ದು '5' ಎಂಬ ಬರಹ. ಸರಣಿಯಲ್ಲಿರುವುದು 5 ಎಂಬ ಸಂಖ್ಯೆ. ಯಂತ್ರದೊಳಗೆ ಇವೆರಡರ ಸ್ವರೂಪಗಳು ಬೇರೆ ಬೇರೆ.

ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ತಮ್ಮ ಸ್ವಂತ ಪುಟಕ್ಕಾಗಿ ಬರೆದುಕೊಂಡ ಚಿಕ್ಕ ಸಲಕರಣೆಗಳಿಂದ ಬೆಳೆದದ್ದು ಪಿಎಚ್‌ಪಿ. 1995ರಲ್ಲಿ ಅದು ಸಾರ್ವಜನಿಕರಿಗೆ ದೊರೆಯಿತು. ಪುಟಗಳನ್ನು ಸುಲಭವಾಗಿ ಕಟ್ಟಬೇಕೆಂಬುದು ಅದರ ಉದ್ದೇಶ. ಬರಹವಾಗಿ ಬಂದ ಐದನ್ನು ಸಂಖ್ಯೆಯಾದ ಐದಕ್ಕೆ ಹೋಲಿಸಿದಾಗ ಭಾಷೆಯು ತಾನಾಗಿಯೇ ರೂಪವನ್ನು ಬದಲಿಸಿಕೊಂಡು 'ಸಮ' ಎಂದು ಹೇಳುವುದು ಅಲ್ಲಿ ಒಂದು ಅನುಕೂಲವೇ ಆಗಿತ್ತು. ಇದನ್ನು ಸಡಿಲವಾದ ಹೋಲಿಕೆ ಎನ್ನಬಹುದು. 'ಇನ್-ಅರೇ' ಆಜ್ಞೆಯು, ಬೇರೆ ಹೇಳದಿದ್ದರೆ, ಈ ಸಡಿಲವಾದ ಹೋಲಿಕೆಯನ್ನೇ ನಡೆಸುತ್ತದೆ.

ಆದರೆ ಬರಹದಲ್ಲಿ ಸಂಖ್ಯೆಯೇ ಇಲ್ಲದಿದ್ದರೆ? ಆ ಕಾಲದ ನಿಯಮ ಹೀಗಿತ್ತು: ಸಂಖ್ಯೆಯೊಡನೆ ಹೋಲಿಸುವಾಗ ಬರಹವನ್ನು ಸಂಖ್ಯೆಯಾಗಿ ಪರಿವರ್ತಿಸಬೇಕು, ಆರಂಭದಲ್ಲಿ ಅಂಕಿಗಳಿದ್ದರೆ ಅವನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಬಿಡಬೇಕು, ಅಂಕಿಗಳೇ ಇಲ್ಲದಿದ್ದರೆ ಸೊನ್ನೆ ಎಂದು ತಿಳಿಯಬೇಕು. ಇದರಿಂದ ಒದಗಿದ ಫಲಗಳನ್ನು ನೋಡಿ. ಸರಣಿಯಲ್ಲಿ ಸೊನ್ನೆ ಎಂಬ ಸಂಖ್ಯೆ ಇದ್ದರೆ, 'ಮಾವಿನಹಣ್ಣು' ಆ ಸರಣಿಯಲ್ಲಿ ಉಂಟೇ ಎಂದು ಕೇಳಿದಾಗ 'ಉಂಟು' ಎಂಬ ಉತ್ತರ ಬರುತ್ತಿತ್ತು! ಇದು ನಗೆಯ ಮಾತಾಯಿತು; ಮುಂದಿನದು ನಗುವ ಮಾತಲ್ಲ. ಒಪ್ಪಬಹುದಾದ ವಿಭಾಗಗಳ ಸಂಖ್ಯೆಗಳು 1, 2, 3 ಎಂದು ಸರಣಿಯಲ್ಲಿ ಬರೆದಿಟ್ಟು, ಬಂದ ಮೌಲ್ಯ ಅದರಲ್ಲಿ ಇದ್ದರೆ ಮಾತ್ರ ಮುಂದಕ್ಕೆ ಬಿಡುವ ಪ್ರೋಗ್ರಾಮು ಇದೆಯೆಂದು ಭಾವಿಸಿ. ದುರುದ್ದೇಶವುಳ್ಳವನೊಬ್ಬನು ಮೊದಲಿಗೆ 1 ಎಂಬ ಅಂಕಿಯನ್ನು ಬರೆದು, ಅದರ ಬೆನ್ನಿಗೇ ದತ್ತಾಂಶದ ಉಗ್ರಾಣಕ್ಕೆ ಕೊಡುವ ಆಜ್ಞೆಯೊಂದನ್ನು ಬರೆದು ಕಳುಹಿಸುತ್ತಾನೆ. ಹೋಲಿಕೆಯು 1ನ್ನು ಮಾತ್ರ ನೋಡಿ, 'ಉಂಟು, ಬಿಡಬಹುದು' ಎನ್ನುತ್ತದೆ. ಆದರೆ ಮುಂದಕ್ಕೆ ಹೋಗುವುದು 1 ಎಂಬ ಸಂಖ್ಯೆಯಲ್ಲ, ಬಾಲವುಳ್ಳ ಆ ಇಡೀ ಬರಹ. ಕಾವಲುಗಾರನು ಮುಖವನ್ನಷ್ಟೇ ನೋಡಿ ಒಳಗೆ ಬಿಟ್ಟ ವ್ಯಕ್ತಿಯ ಬೆನ್ನಿನ ಮೇಲೆ ಮತ್ತೊಬ್ಬನು ಕುಳಿತಿದ್ದ ಹಾಗೆ.

2020ರ ನವೆಂಬರಿನಲ್ಲಿ ಹೊರಬಂದ ಪಿಎಚ್‌ಪಿ 8.0ನೆಯ ಆವೃತ್ತಿ ಈ ನಿಯಮವನ್ನು ತಿದ್ದಿತು. ಬರಹವು ಪೂರ್ತಿಯಾಗಿ ಸಂಖ್ಯೆಯ ರೂಪದಲ್ಲಿದ್ದರೆ ಮಾತ್ರ ಅದನ್ನು ಸಂಖ್ಯೆಯೆಂದು ಗಣಿಸುವುದು. ಇಲ್ಲದಿದ್ದರೆ ಸಂಖ್ಯೆಯನ್ನೇ ಬರಹವಾಗಿ ಮಾಡಿಕೊಂಡು ಅಕ್ಷರಕ್ಕೆ ಅಕ್ಷರ ಹೋಲಿಸುವುದು. ಈಗ ಮಾವಿನಹಣ್ಣು ಸೊನ್ನೆಗೆ ಸಮವಲ್ಲ. ಬಾಲವುಳ್ಳ ಒಂದೂ ಒಂದಕ್ಕೆ ಸಮವಲ್ಲ.

ಹಾಗೆಂದು ಸಡಿಲವೆಲ್ಲ ಬಿಗಿಯಾಯಿತೆಂದು ತಿಳಿಯಬಾರದು. ಭೌತಶಾಸ್ತ್ರದಲ್ಲಿ ದೊಡ್ಡ ಸಂಖ್ಯೆಗಳನ್ನು ಹತ್ತರ ಘಾತಗಳಲ್ಲಿ ಬರೆಯುತ್ತೇವೆ. ಗಣಕಯಂತ್ರದಲ್ಲಿ ಅದಕ್ಕೆ ಇಂಗ್ಲಿಷಿನ ಇ ಅಕ್ಷರವನ್ನು ಬಳಸುವರು. ಒಂದು, ಇ, ಎರಡು ಎಂದು ಬರೆದರೆ ಒಂದನ್ನು ಹತ್ತರ ವರ್ಗದಿಂದ ಗುಣಿಸಿದಷ್ಟು, ಎಂದರೆ ನೂರು. ಈಗ ಸೊನ್ನೆ, ಅದರ ಮುಂದೆ ಇ, ಅದರ ಮುಂದೆ ಕೆಲವು ಅಂಕಿಗಳು ಎಂಬ ಬರಹವನ್ನು ತೆಗೆದುಕೊಳ್ಳಿ. ಸೊನ್ನೆಯನ್ನು ಹತ್ತರ ಯಾವ ಘಾತದಿಂದ ಗುಣಿಸಿದರೂ ಸೊನ್ನೆಯೇ. ಆದುದರಿಂದ ಇಂತಹ ಯಾವ ಎರಡು ಬರಹಗಳನ್ನು ಹೋಲಿಸಿದರೂ, ಸೊನ್ನೆಗೆ ಸೊನ್ನೆ ಸಮ ಎಂದು ಪಿಎಚ್‌ಪಿ ಇಂದಿಗೂ ಹೇಳುತ್ತದೆ. ಇದು ಕೇವಲ ಊಹೆಯ ಮಾತಲ್ಲ. ಗುಪ್ತಪದಗಳನ್ನು ಮರೆಮಾಡಲು ಹಿಂದೆ ಬಹಳವಾಗಿ ಬಳಸುತ್ತಿದ್ದ ಎಂಡಿ5 ಎಂಬ ಕ್ರಮವು ಯಾವ ಪದವನ್ನು ಕೊಟ್ಟರೂ 32 ಅಕ್ಷರಗಳ ಸಂಕೇತವನ್ನು ಕೊಡುತ್ತದೆ. 240610708 ಎಂಬ ಪದಕ್ಕೆ ಅದು ಕೊಡುವ ಸಂಕೇತವು ಸೊನ್ನೆ ಮತ್ತು ಇ ಎಂದು ಆರಂಭವಾಗಿ, ಆಮೇಲಿನ ಮೂವತ್ತೂ ಅಂಕಿಗಳೇ ಆಗಿವೆ. ಕ್ಯೂ, ಎನ್, ಕೆ, ಸಿ, ಡಿ, ಜೆಡ್, ಓ ಎಂಬ ಏಳು ದೊಡ್ಡಕ್ಷರಗಳ ಪದದ ಸಂಕೇತವೂ ಇದೇ ಬಗೆಯದು. ಎರಡು ಸಂಕೇತಗಳಲ್ಲಿನ ಅಂಕಿಗಳು ಬೇರೆ ಬೇರೆಯಾದರೂ ಸಡಿಲವಾದ ಹೋಲಿಕೆಯು ಇವನ್ನು ಸಮ ಎನ್ನುತ್ತದೆ. ಒಬ್ಬರ ಬೀಗವು ಮತ್ತೊಬ್ಬರ ಕೀಲಿಕೈಗೆ ತೆರೆದುಕೊಳ್ಳುವುದೆಂದರೆ ಇದೇ.

ಗಣಿತವನ್ನು ಓದಿದವರಿಗೆ ಇಲ್ಲಿ ಇನ್ನೊಂದು ಅಸಮಾಧಾನ. ಮೊದಲನೆಯದು ಎರಡನೆಯದಕ್ಕೂ, ಎರಡನೆಯದು ಮೂರನೆಯದಕ್ಕೂ ಸಮವಾಗಿದ್ದರೆ ಮೊದಲನೆಯದು ಮೂರನೆಯದಕ್ಕೆ ಸಮವಾಗಿರಲೇಬೇಕೆಂಬುದು ಸಮತ್ವದ ಮೂಲಧರ್ಮಗಳಲ್ಲಿ ಒಂದು. ಪಿಎಚ್‌ಪಿಯಲ್ಲಿ 'ಏನೂ ಇಲ್ಲ' ಎಂಬುದನ್ನು ಸೂಚಿಸುವ ನಲ್ ಎಂಬ ಮೌಲ್ಯವು ಅಸತ್ಯ ಎಂಬ ಮೌಲ್ಯಕ್ಕೆ ಸಡಿಲವಾಗಿ ಸಮ. ಅಸತ್ಯವು '0' ಎಂಬ ಬರಹಕ್ಕೆ ಸಮ. ಆದರೆ ನಲ್ ಮತ್ತು '0' ಎಂಬ ಬರಹ ಸಮವಲ್ಲ! ಇಂತಹ ಸಂಬಂಧವನ್ನು ಸಮತ್ವವೆಂದು ಕರೆಯುವುದಕ್ಕೇ ನನಗೆ ಸಂಕೋಚ. ಮುಖಪರಿಚಯ ಎನ್ನುವುದು ಹೆಚ್ಚು ಒಪ್ಪುವ ಮಾತು.

ಇದಕ್ಕೆ ಪರಿಹಾರವೇನೋ ಭಾಷೆಯಲ್ಲಿಯೇ ಇದೆ. 'ಇನ್-ಅರೇ' ಆಜ್ಞೆಗೆ ಮೂರನೆಯ ಅಂಶವಾಗಿ ಸತ್ಯ ಎಂಬ ಮೌಲ್ಯವನ್ನು ಕೊಟ್ಟರೆ ಅದು ಬಿಗಿಯಾದ ಹೋಲಿಕೆಯನ್ನು ನಡೆಸುತ್ತದೆ: ಮೌಲ್ಯವೂ ಅದೇ ಆಗಿರಬೇಕು, ಬಗೆಯೂ ಅದೇ ಆಗಿರಬೇಕು. ಆಗ ಅರ್ಜಿಯಿಂದ ಬಂದ '5' ಎಂಬ ಬರಹವು, 5 ಎಂಬ ಸಂಖ್ಯೆಯುಳ್ಳ ಸರಣಿಯಲ್ಲಿ ಸಿಗುವುದೇ ಇಲ್ಲ. ಹೊಸಬರು ಇದರಿಂದ ಬೇಸತ್ತು ಮೂರನೆಯ ಅಂಶವನ್ನು ತೆಗೆದುಹಾಕಿಬಿಡುವುದುಂಟು. ಅದು ಸರಿಯಾದ ದಾರಿಯಲ್ಲ. ಬಂದ ಬರಹ ನಿಜವಾಗಿಯೂ ಪೂರ್ಣಾಂಕವೇ ಎಂದು ಮೊದಲು ಪರೀಕ್ಷಿಸಿ, ಅದನ್ನು ಸಂಖ್ಯೆಯಾಗಿ ಮಾಡಿಕೊಂಡು, ಆಮೇಲೆ ಬಿಗಿಯಾಗಿ ಹೋಲಿಸಬೇಕು. ಮುಂದಿನ ಕೆಲಸಕ್ಕೂ ಆ ಸಂಖ್ಯೆಯನ್ನೇ ಬಳಸಬೇಕಲ್ಲದೆ ಮೊದಲು ಬಂದ ಬರಹವನ್ನಲ್ಲ.

ಬಿಗಿಯಾಗಿರುವುದರಲ್ಲಿಯೂ ಅತಿಯೆಂಬುದು ಉಂಟು. ಜಾವಾ ಭಾಷೆಯಲ್ಲಿ ಪೂರ್ಣಾಂಕಗಳಿಗೆ ಚಿಕ್ಕ ಪಾತ್ರೆ, ದೊಡ್ಡ ಪಾತ್ರೆ ಎಂದು ಬೇರೆ ಬೇರೆ ಬಗೆಗಳಿವೆ. ದೊಡ್ಡ ಪಾತ್ರೆಯ ಸಂಖ್ಯೆಗಳ ಪಟ್ಟಿಯಲ್ಲಿ ಐದು ಇದ್ದು, ನೀವು ಸಾಮಾನ್ಯವಾದ, ಎಂದರೆ ಚಿಕ್ಕ ಪಾತ್ರೆಯ, ಐದನ್ನು ಕೇಳಿದರೆ ಪಟ್ಟಿಯು 'ಇಲ್ಲ' ಎನ್ನುತ್ತದೆ. ದೋಷವೆಂದು ಎಚ್ಚರಿಸುವುದೂ ಇಲ್ಲ. ಮೌನವಾಗಿ ಇಲ್ಲವೆಂದು ಹೇಳಿಬಿಡುತ್ತದೆ. ದಶಾಂಶ ಸಂಖ್ಯೆಗಳ ವಿಷಯ ಇನ್ನೂ ಕಷ್ಟ. ಯಂತ್ರವು ಎರಡರ ಘಾತಗಳಲ್ಲಿ ಬರೆಯುವುದರಿಂದ 0.1 ಎಂಬುದು ಅದರಲ್ಲಿ ಸರಿಯಾಗಿ ಕೂರುವುದಿಲ್ಲ, ನಮ್ಮ ದಶಾಂಶದಲ್ಲಿ ಮೂರನೆಯ ಒಂದು ಭಾಗ ಕೂರದಂತೆ. 0.1ಕ್ಕೆ 0.2ನ್ನು ಕೂಡಿಸಿದರೆ ಅದಕ್ಕೆ ದೊರೆಯುವುದು 0.30000000000000004. ಸರಣಿಯಲ್ಲಿ 0.3 ಇದ್ದರೂ ಈ ಮೊತ್ತ ಅದರಲ್ಲಿ ಸಿಗುವುದಿಲ್ಲ. ಇಲ್ಲಿ ಸಡಿಲ ಬಿಗಿ ಎರಡೂ ಒಂದೇ. ಪ್ರಯೋಗಶಾಲೆಯಲ್ಲಿ ಎರಡು ಅಳತೆಗಳು ಸಮವೆಂದು ಹೇಳುವಾಗ 'ಇಷ್ಟು ದೋಷದೊಳಗೆ' ಎಂಬ ಮಾತನ್ನು ಸೇರಿಸದ ವಿದ್ಯಾರ್ಥಿಗೆ ನಾವು ಅಂಕ ಕಡಿಯುತ್ತೇವೆ. ಯಂತ್ರದ ದಶಾಂಶಗಳಿಗೂ ಅದೇ ಶಿಸ್ತು ಬೇಕು: 'ಸಮವೇ?' ಎಂದಲ್ಲ, 'ಇಷ್ಟರೊಳಗೆ ಸಮೀಪವೇ?' ಎಂದು ಕೇಳಬೇಕು.

ಕೊಡಗು ಮತ್ತು ಕೊಡಗು

ಕನ್ನಡದಲ್ಲಿ ಅರ್ಜಿಗಳನ್ನು ಸ್ವೀಕರಿಸುವ ಜಾಲತಾಣಗಳಿಗೆ ಸಂಬಂಧಿಸಿದ ತೊಡಕೊಂದು ಉಳಿದಿದೆ. ಜಿಲ್ಲೆಗಳ ಸರಣಿಯಲ್ಲಿ 'ಕೊಡಗು' ಎಂದಿದೆ. ಅರ್ಜಿದಾರರೂ 'ಕೊಡಗು' ಎಂದೇ ಬರೆದಿದ್ದಾರೆ. ಪರದೆಯ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿದರೂ ವ್ಯತ್ಯಾಸ ಕಾಣುವುದಿಲ್ಲ. ಬಿಗಿಯಾದ ಹೋಲಿಕೆಯು ಮಾತ್ರ 'ಇಲ್ಲ' ಎನ್ನಬಹುದು.

ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಸಂಖ್ಯೆಗಳನ್ನು ಕೊಟ್ಟಿರುವ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಒಕಾರದ ಚಿಹ್ನೆಗೆ ಒಂದು ಸ್ವಂತ ಸಂಖ್ಯೆ ಇದೆ. ಅದನ್ನೇ ಎಕಾರದ ಚಿಹ್ನೆ, ಅದರ ಮುಂದೆ ಊಕಾರದ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ನಮ್ಮ ಬರವಣಿಗೆಯಲ್ಲಿ 'ಕೊ' ಎಂಬುದರ ಆಕಾರವೇ ಹಾಗೆ ತಾನೆ: ತಲೆಯ ಮೇಲೆ ಎತ್ವ, ಬಲಗಡೆ ಕೊಂಬು. ಮೊದಲ ರೀತಿಯಲ್ಲಿ 'ಕೊಡಗು' ಎಂಬುದಕ್ಕೆ ಐದು ಸಂಖ್ಯೆಗಳು, ಎರಡನೆಯ ರೀತಿಯಲ್ಲಿ ಆರು. ಯುಟಿಎಫ್-8 ಎಂಬ ರೂಢಿಯ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟುಗಳು ಬೇಕಾಗುವುದರಿಂದ ಒಂದು ಕೊಡಗು 15 ಬೈಟುಗಳದ್ದು, ಮತ್ತೊಂದು 18 ಬೈಟುಗಳದ್ದು. ಈ ಎರಡು ಬರವಣಿಗೆಗಳೂ ಸಮಾನವೆಂದು ಯೂನಿಕೋಡಿನ ನಿಯಮವೇ ಸಾರುತ್ತದೆ. ಆದರೆ ಬೈಟುಗಳನ್ನು ಹೋಲಿಸುವ ಯಂತ್ರಕ್ಕೆ ಆ ನಿಯಮ ತಿಳಿಯದು. ಓಕಾರ, ಏಕಾರ, ಈಕಾರದ ಚಿಹ್ನೆಗಳಿಗೂ ಇಂತಹುದೇ ಇಬ್ಬಗೆಯ ಬರವಣಿಗೆ ಉಂಟು.

ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳುವುದು ಇದಕ್ಕೆ ಉಪಾಯ. ಎನ್‌ಎಫ್‌ಸಿ ಎಂದು ಕರೆಯುವ ರೂಪದಲ್ಲಿ, ಬಿಡಿಸಿ ಬರೆದ ಚಿಹ್ನೆಗಳೆಲ್ಲ ಕೂಡಿ ಒಂದಾಗುತ್ತವೆ. ಪಿಎಚ್‌ಪಿಯಲ್ಲಿ ಇದಕ್ಕಾಗಿ ನಾರ್ಮಲೈಜರ್ ಎಂಬ ಸಿದ್ಧ ಸಾಧನವಿದೆ. ಬಂದ ಹೆಸರನ್ನೂ ಸರಣಿಯ ಹೆಸರುಗಳನ್ನೂ ಅದರ ಮೂಲಕ ಹಾಯಿಸಿದರೆ ಕೊಡಗು ಕೊಡಗಿಗೆ ಸಮವಾಗುತ್ತದೆ. ಆದರೂ ಒಂದು ಉಳಿಯಿತು. 'ಸೂರ್ಯ' ಎಂಬ ಪದವನ್ನು ಅರ್ಕಾವೊತ್ತಿನಿಂದಲೂ ಬರೆಯಬಹುದು, ರಕಾರವನ್ನು ಪೂರ್ಣವಾಗಿ ಬರೆದು ಅದರ ಕೆಳಗೆ ಯಕಾರದ ಒತ್ತನ್ನು ಕೊಟ್ಟೂ ಬರೆಯಬಹುದು. ಎರಡನೆಯ ರೀತಿಯಲ್ಲಿ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಯೊಂದು ನಡುವೆ ಸೇರಿಕೊಂಡಿರುತ್ತದೆ. ನಾರ್ಮಲೈಜರ್ ಅದನ್ನು ಮುಟ್ಟುವುದಿಲ್ಲ. ಆದುದರಿಂದ ಪಟ್ಟಿಯಲ್ಲಿ 'ಸೂರ್ಯ' ಎಂಬವರನ್ನು ಹುಡುಕುವ ಪ್ರೋಗ್ರಾಮಿಗೆ ಈ ಎರಡು ಬರವಣಿಗೆಗಳೂ ಒಬ್ಬರ ಹೆಸರೇ ಎಂಬುದನ್ನು ಅದನ್ನು ಬರೆಯುವವರೇ ಬಿಡಿಸಿ ಹೇಳಿಕೊಡಬೇಕಾಗುತ್ತದೆ.